ಹನ್ನೊಂದನೆಯ ಚೀಟಿ

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ನನ್ನ ತಂಗಿಗೆ ಹಸಿರು ಬಣ್ಣ, ನನಗೆ ಕೆಂಪು, ಸತ್ತುಹೋದ ನನ್ನ ಮಗುವಿಗೆ ಹಳದಿ. ಹನ್ನೊಂದನೆಯ ಚೀಟಿಯಲ್ಲಿ ಹಳದಿಯ ಪಕ್ಕದಲ್ಲಿ ಹಸಿರು ಇತ್ತು. ಅಂದರೆ ಮಗು ಹೊಂಡಕ್ಕೆ ಬಿದ್ದ ಹೊತ್ತಿನಲ್ಲಿ ಅದನ್ನು ನೋಡಿಕೊಳ್ಳಬೇಕಾಗಿದ್ದವಳು ನನ್ನ ತಂಗಿ ಎಂದು ಅರ್ಥ. ಹಾಗೆ ಬರೆಸಿದವಳು ನಾನೇ. ಅದು ಸುಳ್ಳು. ನಲವತ್ತೆಂಟು ವರ್ಷ ಆ ಸುಳ್ಳನ್ನು ನಾನು ಹೇಳಿಕೊಂಡು ಬಂದೆ, ನನ್ನ ತಂಗಿ ಅದನ್ನು ಹೊತ್ತುಕೊಂಡು ಬಂದಳು.

ನಾನು ಕಾಪುವಿನವಳು. ನಾಲ್ಕನೆಯ ತರಗತಿಯವರೆಗೆ ಶಾಲೆಗೆ ಹೋಗಿ, ಆಮೇಲೆ ಮೀನಿನ ಬುಟ್ಟಿ ಹೊತ್ತವಳು. ಇದರಲ್ಲಿ ಅಕ್ಷರದ ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ವಿಷಯ ತಿದ್ದಲು ನಾನು ಬಿಟ್ಟಿಲ್ಲ.

ಮೊಮ್ಮಗಳು ಅಂದರೆ ನನ್ನ ಮಗಳ ಮಗಳು. ಅವಳು ಮಣಿಪಾಲದಲ್ಲಿ ಓದಿ, ಅಲ್ಲೇ ರೂಮು ಮಾಡಿಕೊಂಡು, ಉಡುಪಿಯಲ್ಲಿ ಮದುವೆ ವಿಡಿಯೊ ಕೂಡಿಸುವ ಕೆಲಸ ಮಾಡುತ್ತಾಳೆ. ಯಾರ್ಯಾರದೋ ಮದುವೆಯನ್ನು ದಿನವಿಡೀ ಕತ್ತರಿಸಿ ಅಂಟಿಸುವುದು. ಅದರ ಮಧ್ಯೆ ತನ್ನದೇ ಒಂದು ಸಿನಿಮಾ ಕಥೆ ಬರೆಯಬೇಕೆಂದು ಅವಳಿಗೆ ಆಸೆ. ಯಾವ ಕಥೆ ಎಂದು ಕೇಳಿದಾಗ, “ದೊಡ್ಡಮ್ಮನ ಮದುವೆ” ಎಂದಳು. ಅವಳ ದೊಡ್ಡಮ್ಮ ಅಂದರೆ ನನ್ನ ಮೊದಲ ಮಗಳು, ಮೂರು ವರ್ಷಕ್ಕೇ ತೀರಿಕೊಂಡವಳು.

ತೀರಿಕೊಂಡವಳಿಗೆ ಎಂತ ಮದುವೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಕಡೆ ಉಂಟು. ಸಣ್ಣದರಲ್ಲಿ ಹೋದ ಮಕ್ಕಳು ಅಲ್ಲೂ ಬೆಳೆಯುತ್ತಾರೆ, ವಯಸ್ಸಿಗೆ ಬರುತ್ತಾರೆ. ಮದುವೆಯ ಪ್ರಾಯವಾದಾಗ, ಹಾಗೆಯೇ ತೀರಿಹೋದ ಗಂಡನ್ನು ಹುಡುಕಿ ಮದುವೆ ಮಾಡುತ್ತೇವೆ. ಕುಲೆಮದುವೆ ಎನ್ನುತ್ತೇವೆ. ನನ್ನ ಎರಡನೆಯ ಮಗಳಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪಿದವು. ಜೋಯಿಸರ ಹತ್ತಿರ ಕೇಳಿಸಿ ನೋಡಿದಾಗ, ಹಿರಿಯವಳು ಕಾಯುತ್ತಿದ್ದಾಳೆ, ಅವಳದ್ದು ಮೊದಲು ಆಗಬೇಕು ಎಂದು ಬಂತು. ಪಡುಬಿದ್ರಿಯ ಕಡೆಯ ಒಂದು ಮನೆಯಲ್ಲಿ ಗಂಡು ಸಿಕ್ಕಿತು, ಜ್ವರದಲ್ಲಿ ಹೋದ ಹುಡುಗ. ಎರಡು ಮಣೆ ಹಾಕಿದೆವು. ಒಂದರ ಮೇಲೆ ಸೀರೆ, ಬಳೆ, ಕರಿಮಣಿ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಊಟಕ್ಕೆ ಜನವೂ ಬಂದಿದ್ದರು. ನನ್ನ ತಂಗಿ ಕಾರ್ಕಳದಿಂದ ಬಂದು ಚಪ್ಪರದ ಹೊರಗೆ ನಿಂತಿದ್ದಳು. ಹೆಣ್ಣಿನ ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ಮಣೆಗೆ ತರುವುದು ನಮ್ಮ ಮನೆಯಲ್ಲಿ ಚಿಕ್ಕಮ್ಮನ ಕೆಲಸ. ಆ ಸೀರೆಯನ್ನು ನಾನು ನೆರೆಮನೆಯ ಹೆಂಗಸಿನ ಕೈಗೆ ಕೊಟ್ಟೆ.

ಅದನ್ನೂ ಮೊಮ್ಮಗಳು ಬರೆದುಕೊಂಡಿದ್ದಳು. ಅದು ಇಪ್ಪತ್ತಮೂರನೆಯ ಚೀಟಿ.

ಕಳೆದ ಮೇ ತಿಂಗಳಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿದರು. ಕಾಪುವಿನ ಮನೆಯಲ್ಲಿ ಹೊಗೆ, ಮರಳು, ಕಡಲಿನ ಗಾಳಿ. ಹತ್ತು ದಿನ ತನ್ನ ರೂಮಿನಲ್ಲಿ ಇರಲಿ ಎಂದು ಮೊಮ್ಮಗಳು ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕುವ ಹಾಗಿಲ್ಲ, ಒಲೆಯ ಹತ್ತಿರ ಹೋಗುವ ಹಾಗಿಲ್ಲ. ನನಗೆ ಕೆಲಸವೇ ಇಲ್ಲದ್ದು ಜೀವಮಾನದಲ್ಲಿ ಅದೇ ಮೊದಲು. ಕುರ್ಚಿಯಲ್ಲಿ ಕೂತು ಅವಳು ಕೇಳಿದ್ದಕ್ಕೆ ಹೇಳುವುದೇ ಕೆಲಸವಾಯಿತು.

ಸಿನಿಮಾ ಬರೆಯಲಿಕ್ಕೆ ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಉಂಟು. ಒಂದೊಂದು ದೃಶ್ಯಕ್ಕೆ ಒಂದೊಂದು ಕಾರ್ಡು. ನಾನು ಚೀಟಿ ಎನ್ನುತ್ತೇನೆ. ಚೀಟಿಯ ತಲೆಯಲ್ಲಿ ಮನೆಯ ಒಳಗೋ ಹೊರಗೋ, ಹಗಲೋ ರಾತ್ರಿಯೋ ಎಂದು ಬರೆಯಬೇಕು. ಆ ದೃಶ್ಯದಲ್ಲಿ ಯಾರಿದ್ದಾರೋ ಅವರ ಬಣ್ಣದ ಚುಕ್ಕಿ ಕೆಳಗೆ ಬರುತ್ತದೆ. ಬೆರಳಿನಲ್ಲಿ ಎಳೆದರೆ ಚೀಟಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಏಲಂ ಆಗುವ ಮುಂಚೆ ಮೀನನ್ನು ಜಾತಿ ನೋಡಿ ರಾಶಿ ಮಾಡುತ್ತಾರಲ್ಲ, ಹಾಗೆ ಅವಳು ನನ್ನ ಬದುಕನ್ನು ರಾಶಿ ಮಾಡಿದ್ದಳು. ಒಬ್ಬೊಬ್ಬರಿಗೂ ಒಂದು ಪುಟ ಬೇರೆ. ಅದರಲ್ಲಿ ಒಂದು ಪ್ರಶ್ನೆ: ಇವರಿಗೆ ಏನು ಬೇಕು?

“ಅಜ್ಜಿ, ಸಣ್ಣಜ್ಜಿಗೆ ಎಂತ ಬೇಕು?” ಎಂದು ಕೇಳಿದಳು. ಸಣ್ಣಜ್ಜಿ ಅಂದರೆ ನನ್ನ ತಂಗಿ.

“ಅವಳಿಗೆ ಎಂತ? ಮಗ ಸೊಸೆ ಇದ್ದಾರೆ. ಕಾರ್ಕಳದಲ್ಲಿ ಮನೆ ಉಂಟು. ಗಂಟುನೋವಿಗೆ ಎಣ್ಣೆ ಬೇಕು.”

“ಹಾಗಲ್ಲ ಮಾರಾಯ್ತಿ ಅಜ್ಜಿ. ಮನಸ್ಸಿನಲ್ಲಿ ಎಂತ ಬೇಕು?”

“ಅದನ್ನು ಅವಳ ಹತ್ತಿರವೇ ಕೇಳು.”

ಅವಳು ಆ ಜಾಗ ಖಾಲಿ ಬಿಟ್ಟಳು. ತಂಗಿಗೆ ಏನು ಬೇಕು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಅವಳು ಕೇಳುವ ಕ್ರಮವೇ ಬೇರೆ. ಊರಿನವರು ಕೇಳುವುದು, “ಹೇಗಾಯಿತು, ಪಾಪ” ಎಂದು. ಅವರಿಗೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದು. ಇವಳು ಹಾಗಲ್ಲ.

“ಆ ದಿನ ಬೆಳಿಗ್ಗೆ ನೀವು ಎಂತ ಮಾಡ್ತಾ ಇದ್ರಿ?”

“ಎಂತ ಮಾಡುವುದು, ಮನೆಕೆಲಸ.”

“ಎಂತ ಮನೆಕೆಲಸ?”

“ಅದೆಲ್ಲ ಸಿನಿಮಾದಲ್ಲಿ ಬೇಕಾ?”

“ಕ್ಯಾಮರಾ ಇಡ್ಲಿಕ್ಕೆ ಬೇಕಲ್ವಾ? ಸುಮ್ಮನೆ ನಿಂತ ಹೆಂಗಸನ್ನು ಎಷ್ಟು ಹೊತ್ತು ತೋರಿಸುವುದು?”

ಆದ್ದರಿಂದ ಹೇಳಿದೆ. ಅದು ಆಟಿ ತಿಂಗಳು. ಮಳೆಗಾಲದ ನಡುವಿನ ತಿಂಗಳು, ಕಡಲಿಗೆ ಯಾರೂ ಇಳಿಯುವುದಿಲ್ಲ, ಮನೆಯಲ್ಲಿ ಇದ್ದದ್ದನ್ನು ತಿನ್ನಬೇಕು. ಬೇಸಗೆಯಲ್ಲಿ ಒಣಗಿಸಿದ ಮೀನು ಮಡಕೆಯಲ್ಲಿ ಅಟ್ಟದ ಮೇಲಿರುತ್ತದೆ. ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಅದಕ್ಕೆ ತೇವ ಹಿಡಿದು ಹುಳ ಬೀಳುತ್ತದೆ. ಇಳಿಸಿ, ಒಲೆಯ ಪಕ್ಕ ಹರಡಿ, ಬೆಚ್ಚಗೆ ಮಾಡಿ ಮತ್ತೆ ತುಂಬಬೇಕು. ಆ ದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ನಾನು ಆ ಕೆಲಸ ಮಾಡುತ್ತಿದ್ದೆ. ಒಣ ನಂಗು ಮೀನು ಆ ವರ್ಷ ಚೆನ್ನಾಗಿತ್ತು. ಅದು ಹತ್ತನೆಯ ಚೀಟಿಯಾಯಿತು.

ತಂಗಿ ಯಾಕೆ ಆ ಮನೆಯಲ್ಲಿ ಇದ್ದಳು ಎಂದರೆ, ಮದುವೆಯಾದ ಮೊದಲ ಆಟಿಗೆ ಹುಡುಗಿ ತವರಿಗೆ ಬಂದು ಕೂರುವುದು ನಮ್ಮಲ್ಲಿ ಕ್ರಮ. ನಾನೂ ಮಗುವೂ ಅಮ್ಮನ ಜೊತೆ ತವರಿನಲ್ಲೇ ಇದ್ದೆವು. ತಂಗಿಗೆ ಆಗ ಹತ್ತೊಂಬತ್ತು, ನನಗೆ ಇಪ್ಪತ್ತೆರಡು. ಮಾರನೆಯ ದಿನ ಕಾರ್ಕಳದಿಂದ ಗಂಡನ ಮನೆಯವರು ಅವಳನ್ನು ಕರೆದುಕೊಂಡು ಹೋಗಲು ಬರುವವರಿದ್ದರು. ಅಮ್ಮ ಅವಳ ತಲೆಗೆ ಎಣ್ಣೆ ತಿಕ್ಕಿ ಮೀಯಿಸಿದ್ದರು. ಒಣಮೀನಿನ ವಾಸನೆ ಕೂದಲಿಗೆ ಹಿಡಿದರೆ ಎರಡು ದಿನ ಬಿಡುವುದಿಲ್ಲ, ಅಡಿಗೆಮನೆಯ ಹತ್ತಿರ ಸುಳಿಯಬೇಡ ಎಂದು ಅಮ್ಮ ಹೇಳಿದ್ದರು. ಎದುರಿನ ಜಗಲಿಯಲ್ಲಿ ಕೂತು ಅವಳು ಕೂದಲು ಒಣಗಿಸುತ್ತಿದ್ದಳು. ಅದು ಒಂಬತ್ತನೆಯ ಚೀಟಿ.

ಹನ್ನೊಂದು: ಜಗಲಿ, ಹೊರಗೆ, ಹಗಲು. ಮಗು ತಂಗಿಯ ಹತ್ತಿರ. ತಂಗಿ ಕೂದಲು ಬಾಚುತ್ತಾ ಮೈಮರೆತಳು. ಮಗು ಹಿತ್ತಿಲಿಗೆ ಹೋಯಿತು.

ಹನ್ನೆರಡು: ಹಿತ್ತಿಲು. ತೆಂಗಿನ ಗಿಡಗಳಿಗೆ ನೀರು ಹಾಕಲು ತೋಡಿದ ಹೊಂಡ, ಮಳೆಗೆ ಬಾಯಿವರೆಗೆ ತುಂಬಿತ್ತು. ಮಗುವನ್ನು ಎತ್ತಿದವಳು ನಾನು. ಅದರ ಮುಷ್ಟಿ ಬಿಡಿಸಿದವಳೂ ನಾನು. ಮುಷ್ಟಿಯಲ್ಲಿ ಸುಟ್ಟ ಒಣ ನಂಗಿನ ತುಂಡು ಇತ್ತು.

ಈ ಮುಷ್ಟಿಯ ವಿಷಯ ನಾನು ಎಲ್ಲರಿಗೂ ಹೇಳುತ್ತಿದ್ದೆ. ಬಸ್ಸಿನಲ್ಲಿ, ಮಾರ್ಕೆಟಿನಲ್ಲಿ, ಸಾವಿನ ಮನೆಗಳಲ್ಲಿ ಕೂತಾಗ. ಅದನ್ನು ಕೇಳಿದ ಹೆಂಗಸರು ಅಳುತ್ತಿದ್ದರು. ಅವರು ಅಳಲಿ ಎಂದೇ ಹೇಳುತ್ತಿದ್ದೆ, ಬೇರೆ ಕಾರಣ ಇಲ್ಲ.

ಏಳನೆಯ ದಿನವೋ ಎಂಟನೆಯ ದಿನವೋ ಕಣ್ಣು ಸರಿಯಾಗಿ ಕಾಣಲು ಶುರುವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಮೊಮ್ಮಗಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

“ಅಜ್ಜಿ, ಇದೊಂದು ಕೂಡಿ ಬರುವುದಿಲ್ಲ ನೋಡಿ.”

“ಎಂತದು?”

“ನಂಗು. ಹತ್ತರಲ್ಲಿ ಅಡಿಗೆಮನೆಯಲ್ಲಿ ಉಂಟು. ಹನ್ನೆರಡರಲ್ಲಿ ಮಗುವಿನ ಕೈಯಲ್ಲಿ ಉಂಟು. ಹನ್ನೊಂದರಲ್ಲಿ ಮಗು ಜಗಲಿಯಲ್ಲಿ, ಸಣ್ಣಜ್ಜಿ ಹತ್ತಿರ. ಹಾಗಾದ್ರೆ ಅದರ ಕೈಗೆ ಯಾರು ಕೊಟ್ಟದ್ದು?”

ದಿನವೂ ವಿಡಿಯೊ ಕೂಡಿಸುವವಳು. ಮದುಮಗನ ಬೆರಳಿನಲ್ಲಿ ಒಂದು ಸಲ ಉಂಗುರ ಇದ್ದು ಮುಂದಿನ ಸಲ ಇಲ್ಲದಿದ್ದರೆ ಅವಳ ಕಣ್ಣಿಗೆ ಕೂಡಲೇ ಬೀಳುತ್ತದೆ. ಅವಳು ನನ್ನನ್ನು ಸಿಕ್ಕಿಸಬೇಕೆಂದು ಕೇಳಿದ್ದಲ್ಲ. ಚೀಟಿಗಳು ಕೂಡಲಿಲ್ಲ, ಕೇಳಿದಳು.

“ನಿನ್ನ ಸಣ್ಣಜ್ಜಿಯೇ ಒಳಗೆ ಬಂದು ತೆಗೆದುಕೊಂಡು ಹೋಗಿರಬಹುದು,” ಎಂದೆ.

“ತಲೆ ಮಿಂದು ಅಡಿಗೆಮನೆ ಹತ್ತಿರ ಹೋಗ್ಲಿಲ್ಲ ಅಂತ ನೀವೇ ಹೇಳಿದ್ದಲ್ವಾ? ಒಂಬತ್ತರಲ್ಲಿ ಉಂಟು.”

“ಅಮ್ಮ ಕೊಟ್ಟಿರಬಹುದು.”

“ಅವರು ಮೀಯಿಸಿ ಆದ ಮೇಲೆ ಅಂಗಡಿಗೆ ಹೋದದ್ದು. ಅದೂ ನೀವೇ ಹೇಳಿದ್ದು.”

ನಲವತ್ತೆಂಟು ವರ್ಷ ನೂರಾರು ಜನರಿಗೆ ಹೇಳಿದ ಕಥೆ. ಒಣಮೀನು ಹರಡುವುದು ಎಲ್ಲಿ, ಕೂದಲು ಒಣಗಿಸುವುದು ಎಲ್ಲಿ ಎಂದು ಕಾಪುವಿನ ಎಲ್ಲ ಹೆಂಗಸರಿಗೂ ಗೊತ್ತು. ಆದರೂ ಯಾರೂ ಕೇಳಿರಲಿಲ್ಲ.

“ನಾನೇ ಕೊಟ್ಟದ್ದು,” ಎಂದೆ.

ನಡೆದದ್ದು ಇಷ್ಟು. ಮಗು ಜಗಲಿಯಿಂದ ಒಳಗೆ ಬಂತು. ಮೀನು ಬೇಕೆಂದು ಸೆರಗು ಹಿಡಿದು ಎಳೆಯಿತು. ಒಲೆಯಲ್ಲಿ ಹಸಿ ಕಟ್ಟಿಗೆ, ಕೋಣೆ ತುಂಬ ಹೊಗೆ. ನನಗೆ ಕೆಲಸ ಮುಗಿಯಬೇಕಿತ್ತು. ಕೆಂಡದ ಮೇಲೆ ಒಂದು ನಂಗು ಸುಟ್ಟು, ತುಂಡು ಮುರಿದು ಕೈಗೆ ಕೊಟ್ಟೆ. ಭುಜ ಹಿಡಿದು ತಿರುಗಿಸಿ, ಹತ್ತಿರದಲ್ಲಿದ್ದ ಹಿತ್ತಿಲ ಬಾಗಿಲಿನಿಂದ ಹೊರಗೆ ಕಳುಹಿಸಿದೆ. “ಚಿಕ್ಕಮ್ಮನ ಹತ್ತಿರ ಹೋಗು,” ಎಂದೆ. ಜಗಲಿ ಮನೆಯ ಆ ಕಡೆ. ಹೊಂಡ ಈ ಕಡೆ. ಮನೆಗೆ ಸುತ್ತು ಬಂದು ಚಿಕ್ಕಮ್ಮನ ಹತ್ತಿರ ಹೋಗಬೇಕಾದರೆ ಹೊಂಡದ ಬದಿಯಲ್ಲೇ ಹೋಗಬೇಕು. ಅದು ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ನೆನಪಾಗಲಿಲ್ಲ. ನಾನು ಮೀನು ತಿರುವಿ ಹಾಕುತ್ತಾ ಕೂತೆ.

ಅಮ್ಮ ಅಂಗಡಿಯಿಂದ ಬಂದು ಮಗು ಎಲ್ಲಿ ಎಂದಾಗ ಹುಡುಕಿದ್ದು. ಎತ್ತಿ ತಂದು ಮಲಗಿಸಿದ ಮೇಲೆ ಅಮ್ಮ ಎದೆಗೆ ಬಡಿದುಕೊಂಡು, “ಯಾರ ಹತ್ತಿರ ಇತ್ತು ಮಗು?” ಎಂದು ಕೂಗಿದರು. ಅಣ್ಣನೂ ಅಲ್ಲಿ ಬಂದು ನಿಂತಿದ್ದ. “ಅವಳ ಹತ್ತಿರ,” ಎಂದೆ. ತಂಗಿ ನನ್ನ ಮುಖ ನೋಡಿ, “ಅಕ್ಕಾ, ಒಳಗೆ ನಿನ್ನ ಹತ್ತಿರ ಬಂದಿತ್ತಲ್ಲ,” ಎಂದಳು. “ಬರಲಿಲ್ಲ,” ಎಂದೆ. ಅಷ್ಟೇ ಮಾತು. ಮಗು ಕಳೆದುಕೊಂಡ ತಾಯಿ ನಾನು, ನನ್ನ ಮಾತು ನಿಂತಿತು. ಅವಳ ಮಾತು ಬಿತ್ತು.

ಮರೆತುಹೋಗಿತ್ತು ಎಂದು ಹೇಳುವುದಿಲ್ಲ. ಮೊದಲ ವರ್ಷ ಪೂರ್ತಿ ನೆನಪಿತ್ತು. ಆಮೇಲೆ ಆ ಸುಳ್ಳನ್ನು ಅಷ್ಟು ಸಲ ಹೇಳಿದ್ದೆನಲ್ಲ, ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು. ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ತಂಗಿ ಮಗುವಿಗೆ ಕೈ ಚಾಚಿದಾಗ, “ಅವಳ ಕೈಗೆ ಕೊಡಬೇಡಿ,” ಎಂದು ಎಲ್ಲರ ಎದುರು ಹೇಳಿದವಳು ನಾನು. ಆ ಮಾತು ಅವಳ ಗಂಡನ ಮನೆಗೂ ಮುಟ್ಟಿತು. ಅವಳು ಹೆತ್ತ ಮಕ್ಕಳನ್ನು ಅವಳ ಅತ್ತೆ ಸಾಕಿದರು. ಮೊಮ್ಮಕ್ಕಳಿಗೆ ಎಣ್ಣೆ ಹಾಕಿ ಮೀಯಿಸಲು ಸೊಸೆ ಬೇರೆ ಹೆಂಗಸನ್ನು ಕರೆಸಿದಳು. ಇದೆಲ್ಲ ನನಗೆ ಗೊತ್ತಾಗುತ್ತಿತ್ತು. ಕೇಳಿ ಸುಮ್ಮನಿರುತ್ತಿದ್ದೆ.

ಮೊಮ್ಮಗಳು ಕೇಳಿಸಿಕೊಂಡಳು. ಆಮೇಲೆ ಹನ್ನೊಂದನೆಯ ಚೀಟಿಯಲ್ಲಿ ಹಸಿರು ತೆಗೆದು ಕೆಂಪು ಇಟ್ಟಳು. ಒಂದು ಬೆರಳಿನ ಕೆಲಸ.

“ಅಜ್ಜಿ, ಈಗ ಕಥೆ ಆಯ್ತು!” ಎಂದಳು. ಕೂಡಲೇ ಬಾಯಿಗೆ ಕೈ ಇಟ್ಟುಕೊಂಡಳು. “ಸಾರಿ ಅಜ್ಜಿ. ಹಾಗಲ್ಲ.”

“ಇರಲಿ. ಕೂಡಿ ಬಂತಲ್ಲ.”

ನನಗೆ ಸಿಟ್ಟು ಬರಲಿಲ್ಲ. ತುಂಬಿದ ಬಲೆ ನೋಡಿದವರ ಮುಖ ನಾನು ನೋಡಿದ್ದೇನೆ, ಅವಳ ಮುಖ ಹಾಗೆ ಆಗಿತ್ತು. ಅವಳ ಪ್ರಾಯಕ್ಕೆ ಅದು ತಪ್ಪಲ್ಲ. ಆದರೆ ಆ ಹೊತ್ತಿನಲ್ಲಿ ಒಂದು ತಿಳಿಯಿತು. ಮೊಮ್ಮಗಳಿಗೆ ಹೇಳಿದರೆ ತಂಗಿಗೆ ಹೇಳಿದ ಹಾಗೆ ಆಗುವುದಿಲ್ಲ. ನಾಳೆ ಇದು ಪರದೆಯ ಮೇಲೆ ಬಂದರೆ ನನ್ನ ತಂಗಿ ಊರಿನವರ ಜೊತೆ ಕೂತು ನೋಡಿ ತಿಳಿಯಬೇಕಾ? ಬಾರದಿದ್ದರೆ ತಿಳಿಯುವುದೇ ಬೇಡವಾ? ಅವಳಿಗೆ ಅರವತ್ತೇಳು. ನನಗೆ ಎಪ್ಪತ್ತು.

“ಕಾರ್ಕಳಕ್ಕೆ ಯಾವಾಗ ಹೋಗ್ಲಿಕ್ಕೆ ಆಗ್ತದೆ?” ಎಂದು ಕೇಳಿದೆ.

“ಡಾಕ್ಟರು ಒಂದು ತಿಂಗಳು ಬಸ್ಸಿನಲ್ಲಿ ಹೋಗ್ಬಾರ್ದು ಹೇಳಿದ್ದಾರೆ.”

ಒಂದು ತಿಂಗಳು ಕಾದೆ. ಅಷ್ಟರಲ್ಲಿ ಮೊಮ್ಮಗಳು ಕಥೆಯ ಕೊನೆಯವರೆಗೂ ಚೀಟಿ ಮಾಡಿ ಮುಗಿಸಿದಳು. ಬೆಂಗಳೂರಿನಲ್ಲಿ ಯಾರಿಗೋ ಜೂನ್ ಕೊನೆಗೆ ಕಳುಹಿಸಬೇಕಂತೆ, ಅವರು ಓದಿ ಆರಿಸುತ್ತಾರಂತೆ.

ಮಳೆ ಹಿಡಿದ ಮೇಲೆ ಒಂದು ಆದಿತ್ಯವಾರ ಇಬ್ಬರೂ ಕಾರ್ಕಳಕ್ಕೆ ಹೋದೆವು. ಮೂವತ್ತು ವರ್ಷ ಅದೇ ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಹೋದವಳು ನಾನು, ಕಂಡಕ್ಟರುಗಳು ನನ್ನನ್ನು ಹಿಂದಿನ ಸೀಟಿಗೆ ಅಟ್ಟುತ್ತಿದ್ದರು. ಈ ಸಲ ಕಿಟಕಿಯ ಪಕ್ಕ ಕೂತೆ. ಹೇಗೆ ಶುರು ಮಾಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ತಂಗಿ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊಣಗಂಟಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಎಂತ, ದಾರಿ ತಪ್ಪಿತಾ?” ಎಂದಳು. ನಾನು ಅವಳ ಮನೆಗೆ ಹೋಗದೆ ಆರು ವರ್ಷವಾಗಿತ್ತು.

“ಒಂದು ಮಾತು ಹೇಳ್ಲಿಕ್ಕೆ ಬಂದೆ.”

“ಮೊದಲು ಕೂತುಕೋ. ಕಣ್ಣು ಕಾಣ್ತದಾ ಈಗ?”

“ಕಾಣ್ತದೆ.”

“ಹಾಗಾದ್ರೆ ಹೇಳು.”

ನಿಂತುಕೊಂಡೇ ಹೇಳಿದೆ. ಮಗು ಒಳಗೆ ಬಂದದ್ದು, ಮೀನು ಕೊಟ್ಟದ್ದು, ಹಿತ್ತಿಲ ಬಾಗಿಲಿನಿಂದ ಕಳುಹಿಸಿದ್ದು, ಬರಲಿಲ್ಲ ಎಂದದ್ದು. ತೊಟ್ಟಿಲಿನ ದಿನದ್ದು. ಸೀರೆಯದ್ದು. ಅವಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಒಂದು ಕಾಲು ಮುಗಿಸಿ ಇನ್ನೊಂದು ಕಾಲಿಗೆ ಹಚ್ಚಿದಳು.

“ನನಗೆ ಗೊತ್ತುಂಟು,” ಎಂದಳು.

“ಎಂತ ಗೊತ್ತುಂಟು?”

“ನಂಗಿನ ವಿಷಯ ನಿನ್ನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ ಹೇಳು. ಮುಷ್ಟಿ ಬಿಡಿಸಿದೆ, ಮುಷ್ಟಿ ಬಿಡಿಸಿದೆ ಅಂತ. ಪ್ರತಿ ಸಲ ನಾನು ಕಾಯ್ತಿದ್ದೆ. ಈಗ ಒಬ್ಬರಾದ್ರೂ ಕೇಳ್ತಾರೆ, ಮೀನು ಎಲ್ಲಿಂದ ಬಂತು ಅಂತ. ಒಬ್ಬರೂ ಕೇಳ್ಲಿಲ್ಲ. ಎಲ್ಲರೂ ಅತ್ತರು.”

“ನೀನಾದರೂ ಕೇಳಬಹುದಿತ್ತು.”

“ನಾನು ಕೇಳಿದ್ರೆ ಯಾರು ನಂಬುದು? ಕೊಂದವಳು ಬಾಯಿ ಬಿಟ್ಟಳು ಅಂತಿದ್ರು.”

ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ಮೊಮ್ಮಗಳು ತಡೆಯಲಾರದೆ ಲ್ಯಾಪ್‌ಟಾಪ್ ತೆರೆದು, “ಸಣ್ಣಜ್ಜಿ, ನಾನು ಸರಿ ಮಾಡಿದ್ದೇನೆ, ನೋಡಿ,” ಎಂದು ಹನ್ನೊಂದನೆಯದನ್ನು ತೋರಿಸಿದಳು. ತಂಗಿ ಕನ್ನಡಕ ಹಾಕಿಕೊಂಡು ನೋಡಿದಳು.

“ಹಸಿರು ನಾನಾ?”

“ಹೌದು.”

“ಇಲ್ಲಿ ನಾನಿಲ್ಲ.”

“ಇಲ್ಲ. ತೆಗೆದೆ.”

“ಸರಿ,” ಎಂದಳು. “ಕೊನೆಗೆ ಎಂತ ಉಂಟು?”

ಮೊಮ್ಮಗಳು ಕೊನೆಯ ಚೀಟಿಗೆ ಹೋಗಿ ಓದಿದಳು. “ಕಾರ್ಕಳ. ಮನೆಯ ಜಗಲಿ. ಸಂಜೆ. ಅಕ್ಕ ತಪ್ಪು ಒಪ್ಪಿಕೊಳ್ಳುತ್ತಾಳೆ. ತಂಗಿ ಅವಳನ್ನು ಅಪ್ಪಿಕೊಳ್ಳುತ್ತಾಳೆ. ಇಬ್ಬರೂ ಅಳುತ್ತಾರೆ. ಮಳೆ.”

ತಂಗಿ ನನ್ನನ್ನು ನೋಡಿದಳು. ನಗು ಬಂದ ಹಾಗೆ ಆಯಿತು ಅವಳಿಗೆ, ಆದರೆ ನಗಲಿಲ್ಲ.

“ಯಾರು ಅಪ್ಪಿಕೊಂಡದ್ದು? ಅಮ್ಮ ಹೋದಾಗಲೇ ನಾವು ಅಪ್ಪಿಕೊಳ್ಳಲಿಲ್ಲ. ಅಳಿಸು ಅದನ್ನು.”

“ಸಿನಿಮಾಕ್ಕೆ ಒಂದು ಕೊನೆ ಬೇಕಲ್ವಾ ಸಣ್ಣಜ್ಜಿ?”

“ನಿನ್ನ ಸಿನಿಮಾಕ್ಕೆ ಬೇಕು. ನನಗೆ ಎಂತಕ್ಕೆ? ಇವಳು ಬಂದು ನನ್ನ ಕಿವಿಯಲ್ಲಿ ಹೇಳಿದ್ಲು. ನಾನು ಕ್ಷಮಿಸಿದೆ ಅಂತ ನೀನು ಬರೆದುಬಿಟ್ರೆ ಆಯ್ತಾ?” ನನ್ನ ಕಡೆ ತಿರುಗಿದಳು. “ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ ಅಕ್ಕ? ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರ ಹತ್ತಿರ ಹೇಳು.”

“ಯಾರ ಹತ್ತಿರ?”

“ಯಾರ ಎದುರು ‘ಅವಳ ಕೈಗೆ ಕೊಡಬೇಡಿ’ ಅಂದಿಯೋ, ಅವರೆದುರು. ಆಟಿಯಲ್ಲಿ ಅಣ್ಣನ ಮನೆಗೆ ಎಲ್ಲರೂ ಬರ್ತಾರಲ್ಲ. ಆ ದಿನ ಹೇಳು. ನಾನೂ ಬರ್ತೇನೆ.”

ಅವಳು ಆಟಿಗೆ ತವರಿಗೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಕೊನೆಯ ಚೀಟಿ ಅಳಿಸಿದಳು. ಆ ಜಾಗಕ್ಕೆ ಎಂತ ಹಾಕುವುದು ಎಂದು ಕೇಳಿದಳು. ಆಗದ್ದನ್ನು ಹಾಕಬೇಡ ಎಂದೆ. ಜೂನ್ ಕೊನೆಗೆ ಕೊನೆಯಿಲ್ಲದೆಯೇ ಕಳುಹಿಸಿದಳು. ಅವರು ಆರಿಸುತ್ತಾರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಆಟಿಯಲ್ಲಿ ನಡೆದದ್ದು ಅವಳ ಸಿನಿಮಾದಲ್ಲಿ ಇಲ್ಲ. ಅದಕ್ಕೇ ನಾನು ಇಲ್ಲಿ ಬರೆಯುವುದು.

ಆಟಿಯಲ್ಲಿ ಒಂದು ದಿನ ನಮ್ಮ ಮನೆತನದಲ್ಲಿ ತೀರಿಹೋದವರಿಗೆಲ್ಲ ಬಡಿಸುತ್ತೇವೆ. ಕೋಳಿ, ಮೀನು, ಅನ್ನ, ಪಾಯಸ, ಅವರವರಿಗೆ ಏನು ಇಷ್ಟವೋ ಅದು. ಒಳಗಿನ ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಅವರದ್ದಾದ ಮೇಲೆ ನಮ್ಮ ಊಟ. ನಮ್ಮಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಮದುವೆ ಮಾಡಿ ಕೊಟ್ಟರೂ ನನ್ನ ಮಗುವಿಗೆ ಎಲೆ ಹಾಕುವುದು ಅಲ್ಲೇ, ತಾಯಿಯ ಮನೆಯಲ್ಲಿ. ಆ ಮನೆ ಈಗ ಅಣ್ಣನ ಕೈಯಲ್ಲಿ ಉಂಟು. ಅಣ್ಣನಿಗೆ ಎಪ್ಪತ್ತಾರು, ಕಿವಿ ಮಂದ.

ತಂಗಿ ಮಗನ ಜೊತೆ ಹನ್ನೊಂದು ಗಂಟೆಯ ಬಸ್ಸಿಗೆ ಬಂದಳು. ಅತ್ತಿಗೆ ಅವಳನ್ನು ಕಂಡು ಕಾಲು ತೊಳೆಯಲು ನೀರು ಕೊಟ್ಟರು. ಅಣ್ಣನ ಮಕ್ಕಳು, ಸೊಸೆಯಂದಿರು, ನನ್ನ ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಇದ್ದರು. ಎಲೆ ಹಾಕಿ ಆಗಿತ್ತು, ಬಡಿಸುವುದಕ್ಕೆ ಪಾತ್ರೆಗಳನ್ನು ತಂದಿಟ್ಟಿದ್ದರು.

“ಬಡಿಸುವ ಮೊದಲು ನನ್ನದೊಂದು ಮಾತು ಉಂಟು,” ಎಂದೆ.

ಹೇಳಿದೆ. ಅಡ್ಡ ಮಾತು ಸೇರಿಸಲಿಲ್ಲ. ಮಗು ಕೊನೆಗೆ ನನ್ನ ಹತ್ತಿರ ಇತ್ತು, ನಾನೇ ಹೊರಗೆ ಕಳುಹಿಸಿದ್ದು, ತಂಗಿಯ ಮೇಲೆ ಹಾಕಿದ್ದು ಸುಳ್ಳು, ಅವಳ ಕೈಯಲ್ಲಿ ಏನೂ ಕೆಟ್ಟದ್ದಿಲ್ಲ ಎಂದೆ. ಸ್ವರ ಸಣ್ಣಗೆ ಬಂತು. ನನ್ನ ಮಗಳೂ ಅಲ್ಲೇ ನಿಂತು ಕೇಳುತ್ತಿದ್ದಳು. ಅವಳಿಗೂ ನಾನು ಅದೇ ಸುಳ್ಳು ಹೇಳಿ ಬೆಳೆಸಿದ್ದೆ.

“ಎಂತ ಹೇಳಿದ್ದು ಇವಳು?” ಎಂದು ಅಣ್ಣ ಅತ್ತಿಗೆಯನ್ನು ಕೇಳಿದ.

ತಂಗಿ ಬಾಗಿಲಿನ ಹತ್ತಿರ ನಿಂತಿದ್ದಳು. “ಜೋರಾಗಿ ಹೇಳು ಅಕ್ಕ,” ಎಂದಳು. “ಅಣ್ಣನಿಗೆ ಕೇಳ್ಲಿಲ್ಲ.”

ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ. ಮೀನು ಕೂಗಿ ಮಾರಿದ ಗಂಟಲು ನನ್ನದು. ಅದೇ ಸ್ವರದಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿರಬೇಕು, ಅಲ್ಲಿ ಮಾತು ನಿಂತಿತು.

ಅಣ್ಣ ನನ್ನನ್ನು ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿ, “ನೀನು ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?” ಎಂದ.

“ಹೇಳಿದೆ,” ಎಂದಳು ತಂಗಿ. “ಅದೇ ದಿನ, ಇದೇ ಮನೆಯಲ್ಲಿ, ನಿಮ್ಮೆದುರೇ ಹೇಳಿದೆ. ಆಗ ನಿಮ್ಮ ಕಿವಿ ಸರಿ ಇತ್ತು ಅಣ್ಣ.”

ಅಣ್ಣ ತಲೆ ತಗ್ಗಿಸಿದ. ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ತಂಗಿ ಮುಂದೆ ಬಂದು ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

“ತಣಿಯುತ್ತಾ ಉಂಟು,” ಎಂದಳು. “ಮಗುವಿನ ಎಲೆ ಯಾವುದು?”

ತೋರಿಸಿದೆ.